ಹೆಣ್ಣು ನೋಡಲು ಹೋಗಿ ಪಿಟೀಲು ಕೇಳಿದ್ದು

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮ ಮನೆಯ ನಡುಮನೆಯಲ್ಲಿ, ಕೈಯಲ್ಲಿ ಕಾಫಿ ಲೋಟ ಇರುವಾಗಲೇ, ನಾನೊಬ್ಬ ಸುಳ್ಳುಗಾರ ಎಂದು ಸಾಬೀತಾಯಿತು.

ಸಾಬೀತು ಮಾಡಿದವರು ಪೊಲೀಸರಲ್ಲ. ನಮ್ಮ ಬಡಾವಣೆಯ ರಾಮೋತ್ಸವದ ಸೆಕ್ರೆಟರಿ ಶಾಮಣ್ಣನವರು. ಅದೂ ಬಹಳ ಪ್ರೀತಿಯಿಂದ, ನಗುನಗುತ್ತಾ. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಆಫೀಸಿನಲ್ಲಿ ಒಂದೇ ಕಾಗದವನ್ನು ಎರಡೆರಡು ಸಲ ಫೈಲ್ ಮಾಡಿದ್ದೇನೆ. ಮನೆಗೆ ಬಂದರೆ ಹೆಂಡತಿಯ ಮುಖ ನೋಡಲು ಭಯ, ನೋಡದೇ ಇರಲೂ ಭಯ.

(ಹೆಂಡತಿಯ ಹೆಸರನ್ನು ಈ ಅಂಕಣದಲ್ಲಿ ಬರೆಯಕೂಡದೆಂದು ಅಪ್ಪಣೆಯಾಗಿದೆ. ಸದ್ಯಕ್ಕೆ ನಾನು ಯಾವ ಅಪ್ಪಣೆಯನ್ನೂ ಮೀರುವ ಸ್ಥಿತಿಯಲ್ಲಿಲ್ಲ.)

ಶಾಮಣ್ಣನವರು ಬಂದದ್ದು ಒಳ್ಳೆಯ ಕೆಲಸಕ್ಕೇ. ಬರುವ ಶನಿವಾರ ನಮ್ಮ ಪೆಂಡಾಲಿನಲ್ಲಿ ಪಿಟೀಲು ಕಚೇರಿ ಇದೆ. ನುಡಿಸುವವರು ನನ್ನ ಪರಮಪ್ರಿಯ ವಿದ್ವಾಂಸರು. ಅವರ ಹೆಸರನ್ನೂ ನಾನು ಬರೆಯುವುದಿಲ್ಲ, ನಮ್ಮ ಸಂಸಾರದ ತಾಪತ್ರಯದಲ್ಲಿ ಪಾಪ ಅವರನ್ನೇಕೆ ಎಳೆಯಬೇಕು? ಕಚೇರಿಗೆ ಮುಂಚೆ ಹಳೆಯ ರಸಿಕರೊಬ್ಬರಿಂದ ನಾಲ್ಕು ಮಾತು ಆಡಿಸಬೇಕೆಂದು ಸಮಿತಿಯವರ ಆಸೆ. ಪತ್ರಿಕೆಯಲ್ಲಿ ವಾರವಾರವೂ ಬರೆಯುವವನು, ಆ ವಿದ್ವಾಂಸರ ಕಚೇರಿ ಎಂದರೆ ಮಜ್ಜಿಗೆ ಪಾನಕ ಹಂಚುವುದಕ್ಕೆ ಮುಂಚೆಯೇ ಮುಂದಿನ ಸಾಲಿನಲ್ಲಿ ಜಮಖಾನೆ ಹಿಡಿದು ಕೂರುವವನು, ನಾನಲ್ಲದೆ ಇನ್ಯಾರು?

"ಜಾಸ್ತಿ ಏನೂ ಬೇಡ ಸ್ವಾಮಿ. ನೀವು ಅವರನ್ನ ಮೊದಲು ಎಲ್ಲಿ ಕೇಳಿದ್ರಿ, ಹೇಗೆ ಕೇಳಿದ್ರಿ, ಅಷ್ಟು ಹೇಳ್ಬಿಡಿ. ಜನಕ್ಕೆ ಅಂಥದ್ದು ಹಿಡಿಸತ್ತೆ" ಎಂದರು ಶಾಮಣ್ಣ.

ಹಿಡಿಸದೆ ಏನು! ಗಾಂಧಿಬಜಾರಿನ ಯಾವ ಕಾಫಿ ಹೋಟೆಲಿಗೆ ಬೇಕಾದರೂ ಹೋಗಿ ನೋಡಿ. ಸಂಗೀತ ಕೇಳುವವರು ನಾಲ್ಕು ಜನ ಒಂದು ಮೇಜಿಗೆ ಸೇರಿದರೆ ರಾಗದ ಮಾತು ಐದು ನಿಮಿಷ, 'ನಾನು ಮೊದಲು ಕೇಳಿದ್ದು' ಎಂಬ ಮಾತು ಒಂದು ಗಂಟೆ. ಯಾವ ವಿದ್ವಾಂಸರ ಹೆಸರೆತ್ತಿದರೂ ಸರಿ, ಅವರಿಗೆ ಇನ್ನೂ ಹೆಸರೇ ಬಂದಿರದ ಕಾಲದಲ್ಲಿ, ಮೂವತ್ತೇ ಮೂವತ್ತು ಜನ ಕೂತು ಕೇಳಿದ ಕಚೇರಿಯೊಂದು ಇದ್ದೇ ಇರುತ್ತದೆ. ಹೇಳುವವರೆಲ್ಲ ಆ ಮೂವತ್ತರಲ್ಲಿ ಒಬ್ಬರು. ಬಸವನಗುಡಿ ಒಂದರಲ್ಲೇ ಆ ಮೂವತ್ತು ಜನರನ್ನು ಎಣಿಸುತ್ತಾ ಹೋದರೆ ದೊಡ್ಡ ಜಾತ್ರೆಯೇ ಆಗುತ್ತದೆ.

ನನಗೂ ಅಂಥದ್ದೊಂದು ಕಥೆ ಇತ್ತು. ಶಾಮಣ್ಣನವರಿಗೆ ಅದನ್ನೇ ಹೇಳಿದೆ. ಯುದ್ಧದ ಕಾಲ. ನಮ್ಮ ಪೆಂಡಾಲು. ಕಚೇರಿ ಅರ್ಧ ಆಗಿದ್ದಾಗ ಧೋ ಎಂದು ಮಳೆ, ದೀಪ ಹೋಯಿತು, ಜನ ಎದ್ದು ಹೋದರು. ಉಳಿದವರು ಮೂವತ್ತು ಜನ. ವಿದ್ವಾಂಸರು ಕತ್ತಲಲ್ಲೇ ಕಾಂಬೋಧಿ ರಾಗ ಎತ್ತಿಕೊಂಡರು. ಆವತ್ತಿನಿಂದ ನಾನು ಅವರ ದಾಸ.

ಎಷ್ಟು ವರ್ಷದಿಂದ ಹೇಳುತ್ತಿದ್ದೇನೆಂದರೆ ಈಗೀಗ ನನಗೇ ಆ ಮಳೆಯ ಚಳಿ ಆಗುತ್ತದೆ.

ಶಾಮಣ್ಣನವರು ತಲೆ ಕೆರೆದುಕೊಂಡರು. "ಮಳೆ ಬಂದಿದ್ದು ನಿಜ. ದೀಪ ಹೋಗಿದ್ದೂ ನಿಜ. ಆದ್ರೆ ಆವತ್ತು ಇದ್ದದ್ದು ಹಾಡುಗಾರಿಕೆ ಅಲ್ವೇ ಸ್ವಾಮಿ?"

ಮೊದಲ ವರ್ಷದಿಂದ ಅಚ್ಚಾದ ಕಾರ್ಯಕ್ರಮದ ಪಟ್ಟಿಗಳನ್ನೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಜೋಡಿಸಿಟ್ಟಿರುವ ಮನುಷ್ಯ ಅವರು ಎಂಬುದು ನನಗೆ ಮರೆತೇಹೋಗಿತ್ತು. ಭಾಷಣಕ್ಕೆ ಅನುಕೂಲವಾಗಲಿ ಎಂದು ಆ ಕಟ್ಟನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಬಿಚ್ಚಿದರು. ಹಳದಿ ಬಣ್ಣಕ್ಕೆ ತಿರುಗಿದ ಕಾಗದವನ್ನು ನನ್ನ ಮುಂದೆ ಹಿಡಿದರು. ಹೌದು, ಹಾಡುಗಾರಿಕೆ.

"ಇವರು ನಮ್ಮಲ್ಲಿಗೆ ಬಂದದ್ದೇ ಅದಾಗಿ ಮೂರು ವರ್ಷದ ಮೇಲೆ. ಇವರನ್ನ ಕರೆಸಿ, ಇವರನ್ನ ಕರೆಸಿ ಅಂತ ನನ್ನ ತಲೆ ತಿಂದೋರು ನೀವೇ. ಅಂದ್ಮೇಲೆ ಅದಕ್ಕೆ ಮುಂಚೇನೇ ಎಲ್ಲೋ ಕೇಳಿದೀರಿ. ಎಲ್ಲಿ?"

"ರೇಡಿಯೋದಲ್ಲಿ ಇರ್ಬೇಕು" ಎಂದೆ.

"ನಿಮ್ಮ ಮನೇಲಿ ಇವತ್ತಿಗೂ ರೇಡಿಯೋ ಇಲ್ಲವಲ್ರೀ!"

ಅಷ್ಟರಲ್ಲಿ ಶಾಮಣ್ಣನವರಿಗೆ ಎರಡನೆಯ ಸಲ ಕಾಫಿ ತಂದ ನನ್ನ ಹೆಂಡತಿ ಲೋಟವನ್ನು ಅವರ ಮುಂದಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಒಂದು ಮಾತು ಹೇಳಿದಳು.

"ಮಲ್ಲೇಶ್ವರದಲ್ಲಿ, ನಮ್ಮ ತೌರುಮನೆ ಪಕ್ಕದ ಮನೇಲಿ ರೇಡಿಯೋ ಇತ್ತು."

ಹೇಳಿ ಒಳಗೆ ಹೋದಳು. ಶಾಮಣ್ಣನವರಿಗೆ ಖುಷಿಯೋ ಖುಷಿ. "ನೋಡಿ, ನಿಮಗಿಂತ ಅವರಿಗೇ ಚೆನ್ನಾಗಿ ಜ್ಞಾಪಕ ಇದೆ! ಮಾವನ ಮನೆ, ಪಕ್ಕದ ಮನೆ ರೇಡಿಯೋ... ಇದನ್ನೇ ಹೇಳಿ ಸ್ವಾಮಿ, ಶನಿವಾರ. ಜೋರಾಗಿರತ್ತೆ" ಎನ್ನುತ್ತಾ ಕಟ್ಟನ್ನು ಕಟ್ಟಿಕೊಂಡು, ಸೈಕಲ್ ಹತ್ತಿ ಹೋಗಿಯೇಬಿಟ್ಟರು.

ನಾನು ಕೂತಲ್ಲೇ ಬೆವೆತೆ.

ಏಕೆಂದರೆ ನಮ್ಮ ಮಾವನವರ ಪಕ್ಕದ ಮನೆಯವರು ನಮ್ಮ ಮದುವೆಗೆ ಮುಂಚೆಯೇ ಮನೆ ಖಾಲಿ ಮಾಡಿ, ರೇಡಿಯೋ ಸಮೇತ ಮೈಸೂರಿಗೆ ಹೋಗಿದ್ದರು. ಮದುವೆಗೆ ಮುಂಚೆ ನಾನು ಆ ಮನೆಗೆ ಹೋದದ್ದು ಒಂದೇ ಒಂದು ಸಲ. ಹೆಣ್ಣು ನೋಡುವುದಕ್ಕೆ.

ಈಗ ನಿಜ ಹೇಳುತ್ತೇನೆ. ಹನ್ನೊಂದು ವರ್ಷ ಯಾರಿಗೂ ಹೇಳಿಲ್ಲ.

ಆವತ್ತು ಸಂಜೆ ನಾನು, ನನ್ನ ತಾಯಿ, ಸೋದರಮಾವ, ಮೂವರೂ ಜಟಕಾ ಮಾಡಿಕೊಂಡು ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋದೆವು. ಗಂಡು ಎಂಬ ಮರ್ಯಾದೆಗೆ ನನಗೊಂದು ಕುರ್ಚಿ ಹಾಕಿದರು, ಗಾಳಿ ಬರಲಿ ಎಂದು ಕಿಟಕಿಯ ಪಕ್ಕದಲ್ಲಿ. ಮಿಕ್ಕವರಿಗೆಲ್ಲ ಜಮಖಾನೆ. ಕಿಟಕಿಯ ಆಚೆ ನಾಲ್ಕು ಮಾರು ದೂರದಲ್ಲಿ ಪಕ್ಕದ ಮನೆಯ ಕಿಟಕಿ. ಅಲ್ಲಿಂದ ರೇಡಿಯೋ ಗಟ್ಟಿಯಾಗಿ ಕೇಳುತ್ತಿತ್ತು. ಮದರಾಸಿನ ಕಚೇರಿ, ಯಾರದೋ ಪಿಟೀಲು.

ಹುಡುಗಿ ಬಂದಳು, ನಮಸ್ಕಾರ ಮಾಡಿದಳು, ಕೂತಳು. ಕೇಸರಿಬಾತು, ಉಪ್ಪಿಟ್ಟು ಆಯಿತು. "ಹಾಡ್ತಾಳೆ. ಎಂಟು ವರ್ಷ ಪಾಠ ಆಗಿದೆ" ಎಂದರು ಹುಡುಗಿಯ ತಂದೆ. "ಒಂದು ಹಾಡಲಿ" ಎಂದರು ನಮ್ಮ ತಾಯಿ. ಕೂಡಲೇ ಪಕ್ಕದ ಮನೆಗೆ ಹೇಳಿಕಳಿಸಿದರು, ದಯವಿಟ್ಟು ರೇಡಿಯೋ ನಿಲ್ಲಿಸಿ ಎಂದು. ಆ ಮನೆಯ ಯಜಮಾನರು ನಿಲ್ಲಿಸಲಿಲ್ಲ, ಸಣ್ಣದು ಮಾಡಿದರು. (ನಾನೂ ನಿಲ್ಲಿಸುತ್ತಿರಲಿಲ್ಲ, ಆ ಕಚೇರಿ ಅಂಥದ್ದು.) ಹುಡುಗಿ ಹಾಡತೊಡಗಿದ ಮೇಲೆ ಜಮಖಾನೆಯ ಮೇಲಿದ್ದವರಿಗೆ ಅದು ಕೇಳುತ್ತಿರಲಿಲ್ಲ. ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದವನಿಗೆ, ಸ್ವಲ್ಪ ವಾಲಿ ಕೂತರೆ, ಚೆನ್ನಾಗಿ ಕೇಳುತ್ತಿತ್ತು.

ನಾನು ವಾಲಿ ಕೂತೆ.

ಬೇಕೆಂದು ಮಾಡಿದ್ದಲ್ಲ, ನಂಬಿ. ಆ ಕಾಂಬೋಧಿಯನ್ನು ಕೇಳಿದ್ದರೆ ನೀವೂ ವಾಲುತ್ತಿದ್ದಿರಿ. ಮೇಲಿನ ಷಡ್ಜದ ಹತ್ತಿರ ಹೋಗಿ, ಮುಟ್ಟದೆ, ಹಿಂದೆ ಬಂದು, ಇನ್ನೊಂದು ದಾರಿಯಿಂದ ಮತ್ತೆ ಹೋಗಿ... ನನ್ನ ಕಣ್ಣು ತಾನಾಗಿ ಮುಚ್ಚಿತು. ಆಲಾಪನೆ ಮುಗಿದು ಕೃತಿ ಶುರುವಾದಾಗ ಮೃದಂಗ ಸೇರಿಕೊಂಡಿತು. ನನ್ನ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು ಕಡೆ ಪಿಟೀಲು ಎಂಥ ಜಾಗಕ್ಕೆ ಬಂದು ನಿಂತಿತೆಂದರೆ ನನ್ನ ಬಾಯಿಂದ "ಆಹಾ!" ಎಂದು ಬಂದೇಬಿಟ್ಟಿತು.

ಕಣ್ಣು ಬಿಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯ ತಂದೆ ಉತ್ತರೀಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. "ಇನ್ನೇನು ಕೇಳೋದಿದೆ? ಹುಡುಗ ಕಣ್ಮುಚ್ಚಿ ತಲೆ ತೂಗಿದಾನೆ!" ಎಂದರು ನಮ್ಮ ಸೋದರಮಾವ. ಆಗಲೇ ತಾಂಬೂಲ ಬಂತು, ಮುಹೂರ್ತದ ಮಾತು ಬಂತು. ಇಲ್ಲ ಎನ್ನಲು ನನಗೆ ಕಾರಣವೇನೂ ಇರಲಿಲ್ಲ. ಹೌದು ಎನ್ನಲೂ ಇರಲಿಲ್ಲ. ನನ್ನ ತಲೆಯ ತುಂಬ ಪಿಟೀಲು ತುಂಬಿಕೊಂಡಿತ್ತು.

ಹೊರಡುವಾಗ ಚಪ್ಪಲಿ ಹುಡುಕುವ ನೆಪದಲ್ಲಿ ಪಕ್ಕದ ಮನೆಯ ಜಗಲಿಯ ಕಡೆ ಸರಿದು, ಆ ಯಜಮಾನರನ್ನು ಪಿಸುದನಿಯಲ್ಲಿ ಕೇಳಿದೆ, "ಯಾರು ಸ್ವಾಮಿ ನುಡಿಸಿದ್ದು?" ಅವರು ಹೆಸರು ಹೇಳಿದರು. ನಾನು ಅಲ್ಲಿ ಪಿಸುಗುಟ್ಟುವುದನ್ನು ಕಂಡ ಹುಡುಗಿಯ ತಂದೆ, ಗಂಡಿನ ಕಡೆಯವರು ನೆರೆಮನೆಯಲ್ಲಿ ತಮ್ಮ ವಿಷಯ ವಿಚಾರಿಸುತ್ತಿದ್ದಾರೆ ಎಂದುಕೊಂಡು ಹೆದರಿದ್ದರಂತೆ. ಇದನ್ನು ಅವರೇ ಆಮೇಲೆ ನಗುತ್ತಾ ಹೇಳಿದರು. ನಾನೂ ನಕ್ಕೆ. ಇನ್ನೇನು ಮಾಡಲಿ?

ಎರಡು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ನಮ್ಮ ಮಾವನವರು ಪ್ರತಿ ಮದುವೆಯಲ್ಲಿ, ಪ್ರತಿ ನಾಮಕರಣದಲ್ಲಿ ಈ ಪ್ರಸಂಗವನ್ನು ಹೇಳುತ್ತಿದ್ದರು. "ನಮ್ಮ ಅಳಿಯಂದಿರು ಹುಡುಗಿ ಮುಖ ನೋಡ್ಲಿಲ್ಲ, ವರೋಪಚಾರ ಕೇಳ್ಲಿಲ್ಲ. ಹಾಡು ಕೇಳಿ ಒಪ್ಪಿದ್ರು!" ಕೇಳಿದವರೆಲ್ಲ ನನ್ನನ್ನು ಮೆಚ್ಚಿ ನೋಡುತ್ತಿದ್ದರು. ಆ ಮಾತು ಶುರುವಾದ ಕೂಡಲೇ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು. ನಾಚಿಕೆ ಎಂದು ನಾನು ತಿಳಿದಿದ್ದೆ.

ಹಾಗೆ ತಿಳಿಯುವುದು ಅನುಕೂಲವಾಗಿತ್ತು ಎಂದರೆ ಹೆಚ್ಚು ಸರಿ.

ಪಿಟೀಲನ್ನು ಪೆಂಡಾಲಿಗೆ, ಮಳೆಗೆ, ಕತ್ತಲೆಗೆ ಸಾಗಿಸಿದ್ದು ಅದಕ್ಕೇ. ಆ ಸಂಜೆಯಿಂದ ಅದನ್ನು ಎಷ್ಟು ದೂರ ಇಟ್ಟರೆ ಅಷ್ಟು ಕ್ಷೇಮ ಎಂದುಕೊಂಡೆ. ಒಬ್ಬ ವಿದ್ವಾಂಸರನ್ನು ಮೊದಲು ಕೇಳಿದ ಜಾಗದ ಬಗ್ಗೆ ಯಾರಾದರೂ ಇಷ್ಟು ಹೆದರುತ್ತಾರೆಯೇ? ನಾನು ಹೆದರಿದೆ. ಏಕೆಂದರೆ ಈ ಹನ್ನೊಂದು ವರ್ಷದಲ್ಲಿ ಆ ಹುಡುಗಿ ನನಗೆ ಬಹಳ ಬೇಕಾದವಳಾಗಿಬಿಟ್ಟಳು. ನನಗೆ ಟೈಫಾಯ್ಡ್ ಬಂದಾಗ ನಲವತ್ತು ದಿನ ಗಂಜಿ ಕುಡಿಸಿದವಳು ಅವಳು. ನಮ್ಮ ತಾಯಿಯ ಕೊನೆಯ ದಿನಗಳಲ್ಲಿ ನನಗಿಂತ ಹೆಚ್ಚು ಮಾಡಿದವಳು ಅವಳು. ಈ ಅಂಕಣವನ್ನು ಮೊದಲು ಓದಿ, "ಇದು ಬೇಡ, ತೆಗೀರಿ" ಎನ್ನುವವಳೂ ಅವಳೇ. ಅಂಥವಳಿಗೆ 'ಆವತ್ತು ನಾನು ನಿನ್ನನ್ನು ಕೇಳಲೇ ಇಲ್ಲ' ಎಂದು ಯಾವ ಬಾಯಲ್ಲಿ ಹೇಳುವುದು?

ಭಾನುವಾರ ಕಳೆಯಿತು. ಅವಳು ಏನೂ ಹೇಳಲಿಲ್ಲ. ಸೋಮವಾರವೂ ಇಲ್ಲ. ಸಾರಿಗೆ ಉಪ್ಪು ಸರಿಯಾಗಿತ್ತು, ಕಾಫಿಗೆ ಸಕ್ಕರೆ ಸರಿಯಾಗಿತ್ತು. ಜಗಳ ಆಡುವ ಹೆಂಡತಿಯನ್ನು ನಿಭಾಯಿಸಬಹುದು, ಸಾರಿಗೆ ಸರಿಯಾಗಿ ಉಪ್ಪು ಹಾಕುವ ಹೆಂಡತಿಯನ್ನು ಏನು ಮಾಡುವುದು? ಅವಳಿಗೆ ಗೊತ್ತೇ? ಗೊತ್ತಿಲ್ಲವೇ? ಸುಮ್ಮನೆ ಶಾಮಣ್ಣನವರಿಗೆ ಸಹಾಯವಾಗಲಿ ಎಂದು ಹೇಳಿದಳೇ? ಪಕ್ಕದ ಮನೆಯವರು ಖಾಲಿ ಮಾಡಿದ್ದು ಯಾವಾಗ ಎಂಬುದು ಮರೆತಿದೆಯೇ?

ಮಂಗಳವಾರ ಸಂಜೆ ಇನ್ನೊಂದು ಯೋಚನೆ ಬಂದು ನನ್ನ ಜೀವ ಹಿಂಡಿಬಿಟ್ಟಿತು. ನಮ್ಮ ಒಂಬತ್ತು ವರ್ಷದ ಮಗಳಿಗೆ ಸಂಗೀತ ಪಾಠ ಹೇಳಲು ಮೇಷ್ಟರೊಬ್ಬರು ಬರುತ್ತಾರೆ. ಆವತ್ತು ಮಗು ಸರಳೆ ಹಾಡುತ್ತಾ ಒಂದು ಕಡೆ ಜಾರಿತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅವಳಮ್ಮನ ಕೈ ಅಲ್ಲೇ ನಿಂತಿತು. ಮಗು ಸರಿಮಾಡಿಕೊಂಡ ಮೇಲೆ ಮತ್ತೆ ಆಡಿತು. ಎಂಟು ವರ್ಷ ಕಲಿತವಳು ಮನೆಯಲ್ಲೇ ಇರುವಾಗ ನಾವು ಮೇಷ್ಟರನ್ನು ಏಕೆ ಗೊತ್ತುಮಾಡಿದೆವು? ಆರತಿ ಹಾಡು, ಮಕ್ಕಳ ತೊಟ್ಟಿಲ ಹಾಡು ಬಿಟ್ಟರೆ ಇವಳು ಈ ಮನೆಯಲ್ಲಿ ಕೂತು ಹಾಡಿದ್ದು ಯಾವಾಗ? ಕೇಳಿದಾಗಲೆಲ್ಲ "ಗಂಟಲು ಸರಿಯಿಲ್ಲ" ಎನ್ನುತ್ತಿದ್ದಳು. ಹನ್ನೊಂದು ವರ್ಷ ಸರಿಯಾಗದ ಗಂಟಲು ಉಂಟೇ? ನಾನೂ ಎರಡನೆಯ ಸಲ ಕೇಳುತ್ತಿರಲಿಲ್ಲ. ಶಾಲು ಹೊದ್ದು ಕಚೇರಿಗೆ ಹೊರಡುತ್ತಿದ್ದೆ.

ಬುಧವಾರ ತಡೆಯಲಾಗಲಿಲ್ಲ. ಆಫೀಸಿನಿಂದ ಬಂದವನು ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತೆ. ಅವಳು ಕೋಸಂಬರಿಗೆ ಹೆಸರುಬೇಳೆ ಆರಿಸುತ್ತಿದ್ದಳು.

"ಭಾನುವಾರ ನೀನು ಹೇಳಿದ್ಯಲ್ಲ... ಪಕ್ಕದ ಮನೆ ರೇಡಿಯೋ..."

"ಹೂಂ."

"ನಿನಗೆ ಗೊತ್ತಿತ್ತಾ?"

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಹಾಕಿದಳು. "ಹೆಣ್ಣು ತೋರಿಸೋವಾಗ ತಲೆ ಎತ್ತಿ ಗಂಡಿನ ಮುಖ ನೋಡೋ ಹಾಗಿಲ್ಲ. ನನಗೆ ಆವತ್ತು ಕಂಡಿದ್ದು ನಿಮ್ಮ ಬಲಗೈ ಒಂದೇ. ನಾನು ಹಾಡಿದ್ದು ರೂಪಕ ತಾಳ, ಮೂರಕ್ಕೆ ಮುಗಿಯತ್ತೆ. ನಿಮ್ಮ ಕೈ ಬೆರಳೆಣಿಸಿಕೊಂಡು ಎಂಟರ ತನಕ ಹೋಗ್ತಿತ್ತು."

ನಾನು ಬಲಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

"ಮೊದಲು ನಾನೇ ತಪ್ಪಿದೆ ಅಂದ್ಕೊಂಡೆ" ಎಂದಳು. "ಭಯ ಆಯ್ತು. ಇವರಿಗೆ ಸಂಗೀತ ಚೆನ್ನಾಗಿ ಗೊತ್ತು ಅಂತ ಮೊದಲೇ ಹೇಳಿದ್ರಲ್ಲ, ನಿಮ್ಮ ಕೈ ನೋಡ್ಕೊಂಡು ಅದಕ್ಕೆ ಸರಿಯಾಗಿ ಹಾಡೋಕೆ ಹೋದೆ. ಎಂಟು ವರ್ಷ ಕಲಿತಿದ್ದು ಎಲ್ಲಾ ಕಲಸಿಹೋಯ್ತು. ಅನುಪಲ್ಲವಿ ಆದ್ಮೇಲೆ ಉಸಿರು ತೊಗೊಳ್ಳೋಕೆ ನಿಲ್ಲಿಸಿದ್ನಲ್ಲ, ಆಗ ಕಿಟಕಿಯಿಂದ ಮೃದಂಗ ಕೇಳಿಸ್ತು. ಅರ್ಥ ಆಯ್ತು. ಚರಣ ಬಿಟ್ಟು ಅಲ್ಲಿಗೇ ಮುಗಿಸ್ಬಿಟ್ಟೆ. ಯಾರಿಗೂ ಗೊತ್ತಾಗ್ಲಿಲ್ಲ. ನೀವು ಆಗ್ಲೂ ತಾಳ ಹಾಕ್ತಾನೇ ಇದ್ರಿ. ಆಮೇಲೆ 'ಆಹಾ' ಅಂದ್ರಿ."

ಅಂದರೆ ನನ್ನ ಆ "ಆಹಾ" ಬಂದದ್ದು ಅವಳು ಹಾಡು ನಿಲ್ಲಿಸಿದ ಮೇಲೆ!

"ಗೊತ್ತಿದ್ದೂ ಮತ್ಯಾಕೆ ಒಪ್ಕೊಂಡೆ?" ಎಂದು ಕೇಳಿದೆ. ಇದಕ್ಕಿಂತ ದಡ್ಡ ಪ್ರಶ್ನೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ.

"ನನ್ನ ಯಾರು ಕೇಳಿದ್ರು?"

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬೇಳೆ ಆರಿಸುತ್ತಲೇ ಹೇಳಿದಳು, "ಅಪ್ಪ ಅಷ್ಟು ಸಂತೋಷವಾಗಿದ್ರು. ಅವರಿಗೆ ಏನಂತ ಹೇಳಲಿ? ಇರೋ ತನಕ ಹಾಗೇ ಇರಲಿ ಅಂತ ಸುಮ್ನಿದ್ದೆ. ಆಮೇಲೆ ನೀವೂ 'ಹಾಡು ಕೇಳಿ ಒಪ್ಪಿದೆ' ಅಂತ ಹೇಳೋಕೆ ಶುರು ಮಾಡಿದ್ರಿ, ನಾಲ್ಕು ಜನರ ಎದುರಿಗೆ. ಅದು ಮಾತ್ರ ಕೇಳೋಕಾಗ್ತಿರ್ಲಿಲ್ಲ."

"ಹಾಡೋದು ಬಿಟ್ಟಿದ್ದು ಅದಕ್ಕೇನಾ?"

ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನಾನೂ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ. ಹೊಸ್ತಿಲ ಮೇಲೆ ಕೋಟು ಹಾಕಿಕೊಂಡೇ ಕೂತುಬಿಟ್ಟೆ. ನನಗೆ ನಾಚಿಕೆಯಾಗಿತ್ತು, ಅಳುವೂ ಬಂದಿತ್ತು, ಮುಚ್ಚಿಟ್ಟು ಏನು ಪ್ರಯೋಜನ? ಇಷ್ಟು ವರ್ಷ ನಾನು ಹೆದರಿದ್ದು ಅವಳಿಗೆ ಗೊತ್ತಾಗಿಬಿಟ್ಟರೆ ಎಂದು. ಅವಳಿಗೆ ನನಗಿಂತ ಮುಂಚೆಯೇ ಗೊತ್ತಿತ್ತು. ನಾನು ಹೆದರಬೇಕಾಗಿದ್ದದ್ದು ಬೇರೆ ಯಾವುದಕ್ಕೋ.

ಎಷ್ಟು ರಾಮೋತ್ಸವಗಳಲ್ಲಿ, ಎಷ್ಟು ಗಣೇಶೋತ್ಸವಗಳಲ್ಲಿ ಚಾಮರಾಜಪೇಟೆಗೂ ಮಲ್ಲೇಶ್ವರಕ್ಕೂ ಓಡಿದ್ದೇನೆ! ಎಷ್ಟು ಜನ ವಿದ್ವಾಂಸರ ಗಮಕದ ಮೇಲೆ ಈ ಪುಟದಲ್ಲಿ ತೀರ್ಪು ಕೊಟ್ಟಿದ್ದೇನೆ! ಒಳ್ಳೆಯ ಕಿವಿಯುಳ್ಳ ಮನುಷ್ಯ ಎಂದು ನೀವೂ ಕಾಗದ ಬರೆದಿದ್ದೀರಿ. (ದಯವಿಟ್ಟು ಇನ್ನು ಮೇಲೆ ಬರೆಯಬೇಡಿ.)

ಕೊನೆಗೆ ಧೈರ್ಯ ಮಾಡಿ ಹೇಳಿದೆ, "ಈಗ ಹಾಡು. ಕಿಟಕಿ ಮುಚ್ಚಿ ಬರ್ತೀನಿ. ಆವತ್ತು ಹಾಡಿದ್ದನ್ನೇ ಹಾಡು, ಪೂರ್ತಿ ಹಾಡು, ಚರಣ ಬಿಡಬೇಡ. ಈ ಸಲ ಕೇಳ್ತೀನಿ."

ಅವಳು ಮೊರ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು, ಅಷ್ಟೂ ದಿನಗಳಲ್ಲಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

"ಹಾಡ್ತೀನಿ" ಎಂದಳು. "ಯಾವ್ದು ಹೇಳಿ?"

ಆವತ್ತು ನುಡಿಸಿದ ಕಾಂಬೋಧಿಯ ಒಂದೊಂದು ಸಂಗತಿಯನ್ನೂ ಶನಿವಾರ ಪೆಂಡಾಲಿನಲ್ಲಿ ನಿಂತು ವರ್ಣಿಸಬಲ್ಲೆ. ನನ್ನ ಹೆಂಡತಿ ಹಾಡಿದ್ದು ಯಾವುದು? ನಮ್ಮ ತಾಯಿ ಇಲ್ಲ, ಸೋದರಮಾವ ಇಲ್ಲ, ಮಾವನವರೂ ಇಲ್ಲ. ಯಾರನ್ನು ಹೋಗಿ ಕೇಳಲಿ?